ಕಾಶವ್ವನ ಮೊಣಕೈ

ನನ್ನ ಹೆಸರು ದೇಮವ್ವ. ನೋಟದ ದೇಮವ್ವ ಎಂದರೆ ನಮ್ಮೂರಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಮೂವತ್ತೊಂದು ವರ್ಷ ನಾನು ಜನರ ಮಗ್ಗುಲಲ್ಲಿ ನಿಂತು ಅವರ ಮೊಣಕೈ, ಮಣಿಕಟ್ಟು, ಸೊಂಟ ನೋಡಿಕೊಂಡು ಬಂದವಳು. ನನ್ನ ಕಣ್ಣು ತಪ್ಪಿಸಿ ಯಾರೂ ಒಂದು ಸಲವೂ ತಪ್ಪು ಎತ್ತಿದ್ದಿಲ್ಲ ಎಂದು ಎದೆ ತಟ್ಟಿಕೊಂಡು ಹೇಳುತ್ತಿದ್ದೆ. ಈಗ ಐದು ವರ್ಷದಿಂದ ಯಾರ ಮಗ್ಗುಲಲ್ಲೂ ನಿಂತಿಲ್ಲ. ಮುದುಕಿಯ ಕಣ್ಣು ಮಂಜಾಗಿದೆ ಎಂದು ಜನ ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ. ಕಣ್ಣಿಗೆ ಏನೂ ಆಗಿಲ್ಲ, ಸೂಜಿಗೆ ದಾರ ಈಗಲೂ ನಾನೇ ಪೋಣಿಸುತ್ತೇನೆ. ಆದದ್ದೇ ಬೇರೆ, ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಸಾಕಾಗಿದೆ.

ನಮ್ಮೂರಲ್ಲಿ ಸತ್ತವರು ಹೋಗುವಾಗ ತಮ್ಮ ತೂಕದಲ್ಲಿ ಒಂದು ಪಾಲು ಮನೆಯಲ್ಲೇ ಬಿಟ್ಟು ಹೋಗುತ್ತಾರೆ. ಬೆಳೆದವರದಾದರೆ ಹದಿಮೂರು ಹದಿನಾಲ್ಕು ಕಿಲೋ. ಅದು ಮನೆಯ ಯಾವುದೋ ಒಂದು ಸಾಮಾನಿನಲ್ಲಿ ಸೇರಿಕೊಳ್ಳುತ್ತದೆ, ಯಾವುದರಲ್ಲಿ ಎಂದು ಮೊದಲೇ ಹೇಳಲು ಬರುವುದಿಲ್ಲ. ಗಾಣದ ಮಲ್ಲೇಶಪ್ಪನ ತಾಯಿ ಸೌಟಿನಲ್ಲಿ ಉಳಿದರು. ಅಂಗಡಿಯ ಚನ್ನವೀರಪ್ಪನವರ ತಂದೆ ಕೊಡೆಯಲ್ಲಿ ಉಳಿದರು. ಸತ್ತ ಮೇಲೆ ಯಾರ ಕೈಗೆ ಆ ಸಾಮಾನು ಮೊದಲು ಭಾರವಾಗಿ ಸಿಗುತ್ತದೋ, ಇಳಿಸುವ ಕೆಲಸ ಅವರದು. ಬೇರೆಯವರು ಅದನ್ನು ಎತ್ತಬಹುದು, ಹೊರಬಹುದು, ಆದರೆ ಅವರ ಕೈಯಲ್ಲಿ ಅದು ಒಂದು ಗುಂಜಿಯಷ್ಟೂ ಕಮ್ಮಿಯಾಗುವುದಿಲ್ಲ. ಇಳಿಸುವವರು ದಿನಾ ಬೆಳಗಾಗುತ್ತಲೇ, ಬಾಯಿಗೆ ನೀರು ಹಾಕುವ ಮೊದಲು, ಅದನ್ನು ಹೆಗಲ ಮಟ್ಟದಿಂದ ನೆತ್ತಿಯ ಮೇಲಕ್ಕೆ ಹನ್ನೆರಡು ಸಲ ಎತ್ತಬೇಕು. ಸರಿಯಾಗಿ ಎತ್ತಿದರೆ ಅಂದಿನ ಪಾಲು ಕರಗುತ್ತದೆ. ಸರಿಯಾಗಿ ಎತ್ತದಿದ್ದರೆ ಕರಗುವುದಿಲ್ಲ. ನೆಟ್ಟಗೆ ನಡೆದರೆ ಒಂಬತ್ತು ತಿಂಗಳ ಕೆಲಸ. ಸಾಮಾನು ಊರ ಸೀಮೆ ದಾಟುವುದಿಲ್ಲ. ಒಂದು ದಿನ ಎತ್ತುವುದು ತಪ್ಪಿದರೆ ಭಾರ ಸಾಮಾನನ್ನು ಬಿಟ್ಟು ತಪ್ಪಿಸಿದವರ ಎದೆಯ ಮೇಲೆ ಬಂದು ಕೂರುತ್ತದೆ, ಹಾಗೆ ಕೂರಿಸಿಕೊಂಡವರಲ್ಲಿ ಒಂದು ವರ್ಷ ಉಳಿದವರನ್ನು ನಾವು ಕಂಡಿಲ್ಲ. ಅದಕ್ಕೇ ಎತ್ತುವವರು ಮುಗಿಯುವ ತನಕ ಊರು ಬಿಡುವುದಿಲ್ಲ. ಮದುವೆ ಇರಲಿ, ಮಸಣ ಇರಲಿ, ಇಲ್ಲೇ.

ಇದಕ್ಕೆಲ್ಲ ನಾವು ಹೊಂದಿಕೊಂಡಿದ್ದೇವೆ. ಎತ್ತುವ ಹೆಂಗಸರ ಕುಪ್ಪಸಕ್ಕೆ ದರ್ಜಿಗಳು ಕಂಕುಳಲ್ಲಿ ಒಂದು ಬೆರಳು ಬಟ್ಟೆ ಹೆಚ್ಚಿಗೆ ಬಿಡುತ್ತಾರೆ. ಹಿತ್ತಿಲ ಸೂರನ್ನು ಎತ್ತಿದ ಕೈಗೆ ತಾಗದಷ್ಟು ಎತ್ತರಕ್ಕೆ ಕಟ್ಟುತ್ತಾರೆ. ಇನ್ನೊಬ್ಬರು ಎತ್ತುವುದನ್ನು ನೋಡುವುದು ಇನ್ನೊಬ್ಬರು ಸ್ನಾನ ಮಾಡುವುದನ್ನು ನೋಡಿದಷ್ಟೇ ಕೆಟ್ಟದ್ದು, ಮುಂಜಾನೆ ಯಾರೂ ಪಕ್ಕದ ಹಿತ್ತಿಲಿಗೆ ಇಣುಕುವುದಿಲ್ಲ. ಆದರೆ ಎತ್ತುವವರಿಗೆ ತಮ್ಮ ಬೆನ್ನು ತಮಗೆ ಕಾಣುವುದಿಲ್ಲವಲ್ಲ. ಅದಕ್ಕೆ ನಮ್ಮಂಥವರು. ನೋಟದವರು ಮಗ್ಗುಲಲ್ಲಿ ನಿಂತು ಪ್ರತಿ ಎತ್ತಿಗೂ ಸರಿ ಎನ್ನಬೇಕು, ಇಲ್ಲವೇ ಇಲ್ಲ ಎನ್ನಬೇಕು. ಬೇರೆ ಮಾತು ಆಡುವಂತಿಲ್ಲ, ತಿದ್ದುವ ಮಾತನ್ನು ಬಿಟ್ಟರೆ.

ಸರಿ ಎಂದರೆ ಯಾವುದು ಸರಿ ಎಂದು ಕೇಳಿದರೆ ನಾನು ನಿದ್ದೆಗಣ್ಣಲ್ಲೂ ಹೇಳುತ್ತೇನೆ. ಹೆಗಲಿನಷ್ಟೇ ಅಗಲಕ್ಕೆ ಪಾದ ಊರಬೇಕು. ಹೊಟ್ಟೆ ಬಿಗಿಯಾಗಿರಬೇಕು, ಸೊಂಟ ಹಿಂದಕ್ಕೆ ಬಾಗಬಾರದು, ಮಂಡಿಯಿಂದ ಎಗರಿಸಬಾರದು. ಮಣಿಕಟ್ಟು ಮುರಿಯಬಾರದು, ಅದರ ಕೆಳಗೇ ಮೊಣಕೈ ಇರಬೇಕು. ಆ ಮೊಣಕೈ ಮೈಗಿಂತ ಒಂಚೂರು ಮುಂದೆ ಇರಬೇಕು. ಎತ್ತುವಾಗ ಗದ್ದವನ್ನು ಹಿಂದಕ್ಕೆ ಎಳೆದುಕೊಂಡು ದಾರಿ ಬಿಡಬೇಕು, ಸಾಮಾನು ಮೂಗಿನ ಹತ್ತಿರದಿಂದಲೇ ನೇರ ಮೇಲೆ ಹೋಗಬೇಕು, ಹಣೆ ದಾಟಿದ ಮೇಲೆ ತಲೆ ಮತ್ತೆ ತೋಳುಗಳ ನಡುವೆ ಬರಬೇಕು. ಎತ್ತುವಾಗ ಉಸಿರು ಬಿಡಬೇಕು. ಇಳಿಸುವಾಗ ಅವಸರ ಕೂಡದು. ಇದರಲ್ಲಿ ಯಾವುದು ತಪ್ಪಿದರೂ ಒಂದು ಪಾಲಿನ ನಷ್ಟ ಅಷ್ಟೇ, ಆದರೆ ಮೊಣಕೈ ಪಕ್ಕಕ್ಕೆ ಅಗಲಿಸಿ ಎತ್ತಿದರೆ ಭುಜದ ಒಳಗೆ ತಿಕ್ಕಾಟ ಶುರುವಾಗುತ್ತದೆ. ತೂಕವೂ ಇಳಿಯುವುದಿಲ್ಲ, ತೋಳೂ ಕೆಡುತ್ತದೆ. ನನಗೆ ನೋಟ ಕಲಿಸಿದ ಗಿರಿಮಲ್ಲಜ್ಜ ಮೊದಲನೇ ದಿನ ಹೇಳಿಕೊಟ್ಟದ್ದೇ ಅದನ್ನು.

ಅವನು ಇನ್ನೊಂದು ಮಾತನ್ನೂ ಹೇಳಿದ್ದ. "ನಿನ್ನ ಮನೀ ತೂಕಕ್ಕ ನೀ ನಿಂದರಬ್ಯಾಡ ದೇಮವ್ವ. ತೊಯ್ದ ಕಣ್ಣಿಗೆ ಮೊಣಕೈ ಕಾಣಂಗಿಲ್ಲ." ನಾನು ಹೂಂ ಎಂದಿದ್ದೆ. ಆಗ ನನಗೆ ಇಪ್ಪತ್ತು ವರ್ಷ, ಯಾವುದಕ್ಕೂ ಹೂಂ ಎನ್ನುವ ವಯಸ್ಸು.

ಊರವರ ವಿಷಯದಲ್ಲಿ ನನ್ನ ನೋಟಕ್ಕೆ ಎರಡು ಮಾತಿಲ್ಲ. ನಮ್ಮ ಶಾಲೆಯ ಹಿರೇಮಾಸ್ತರರ ಹೆಂಡತಿ ಲಟ್ಟಣಿಗೆಯಲ್ಲಿ ಉಳಿದಿದ್ದಳು. ಮಾಸ್ತರರು ಅವಸರದ ಮನುಷ್ಯ, ಮಂಡಿಯಿಂದ ಸಣ್ಣಗೆ ಎಗರಿಸಿ ಎತ್ತುತ್ತಿದ್ದರು. ಇಲ್ಲ ಎಂದೆ. ಹನ್ನೆರಡಕ್ಕೆ ಹನ್ನೆರಡೂ ಇಲ್ಲ. "ಏನವ್ವಾ, ನಾ ಹುಡುಗರಿಗೆ ಪಾಠ ಹೇಳಾವ" ಎಂದರು. "ಇಲ್ಲೆ ನೀವ ಹುಡುಗರ್ರಿ" ಎಂದೆ. ಅವರು ಮತ್ತೆ ಎತ್ತಿದರು. ಶಾಲೆಗೆ ತಡವಾಗಿ ಹೋದರು. ಮುಗಿದ ದಿನ ಅವರೇ ಬಂದು ಕೈಮುಗಿದು, ನೀನು ಬಿಗಿ ಹಿಡಿಯದಿದ್ದರೆ ನಾನು ಅವಳನ್ನು ಸರಿಯಾಗಿ ಕಳಿಸುತ್ತಿರಲಿಲ್ಲ ಎಂದು ಅತ್ತರು. ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುತ್ತಾರಲ್ಲ, ಅದನ್ನು ನೋಡಬೇಕೆಂದರೆ ನನ್ನನ್ನು ನೋಡಬೇಕು.

ನನಗಿದ್ದವನು ಒಬ್ಬನೇ ತಮ್ಮ, ಅಡಿವೆಪ್ಪ. ನನಗಿಂತ ಹದಿಮೂರು ವರ್ಷಕ್ಕೆ ಚಿಕ್ಕವನು. ಅವ್ವ ತೀರಿದಾಗ ಅವನಿಗೆ ಮೂರು ವರ್ಷ, ಅಪ್ಪ ಅದಕ್ಕೂ ಮೊದಲೇ ಹೋಗಿದ್ದ. ಅವನನ್ನು ತೊಡೆಯ ಮೇಲೆ ಹಾಕಿಕೊಂಡು ಬೆಳೆಸಿದೆ. ನನ್ನ ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಬಿದ್ದುಹೋಯಿತು. ಅವನನ್ನೂ ಕರೆದುಕೊಂಡು ಬರುತ್ತೇನೆ ಎಂದರೆ ಯಾರು ಒಪ್ಪುತ್ತಾರೆ. ದೊಡ್ಡವನಾದ ಮೇಲೆ ಗಾದಿ ಹೊಲಿಯುವ ಕೆಲಸ ಹಿಡಿದ. ಹತ್ತಿ ಹಿಂಜಿ ಹಿಂಜಿ ಅವನ ಹುಬ್ಬೆಲ್ಲ ಬೆಳ್ಳಗೆ ಇರುತ್ತಿತ್ತು, ಇಪ್ಪತ್ತೈದರ ಹುಡುಗ ಎಪ್ಪತ್ತರ ಮುದುಕನಂತೆ ಮನೆಗೆ ಬಂದು ನನ್ನನ್ನು "ಏ ಸಣ್ಣಾಕಿ" ಎಂದು ಕರೆದು ನಗಿಸುತ್ತಿದ್ದ. ಮೂವತ್ತೈದಕ್ಕೆ ಮದುವೆಯಾದ. ಹುಡುಗಿ ಕಾಶವ್ವ, ಬಸ್ಸು ಹತ್ತಿ, ಹೊಳೆ ದಾಟಿ, ಮತ್ತೆ ಬಸ್ಸು ಹತ್ತಿ ಎರಡು ದಿನಕ್ಕೆ ಮುಟ್ಟುವ ಊರಿನವಳು. ಅವಳ ಊರಲ್ಲಿ ಸತ್ತವರು ತೂಕ ಬಿಟ್ಟು ಹೋಗುವುದಿಲ್ಲ. ಈ ಊರಿನ ರೀತಿ ಹೇಳಿದಾಗ ಮೊದಲು ನಕ್ಕಳು, ಆಮೇಲೆ ಮಲ್ಲೇಶಪ್ಪನ ಮನೆಯ ಸೌಟನ್ನು ಕೈಯಲ್ಲಿ ಹಿಡಿದು ನೋಡಿ ನಂಬಿದಳು.

ಮದುವೆಯಾಗಿ ಎರಡು ವರ್ಷಕ್ಕೆ, ದೀಪಾವಳಿಯ ಮರುವಾರ, ಅಡಿವೆಪ್ಪ ಎಂಟು ದಿನದ ಜ್ವರದಲ್ಲಿ ಹೋದ. ಮಣ್ಣು ಮಾಡಿ ಬಂದವಳು ನಾನು ಮೂರು ದಿನ ಮನೆಯ ಸಾಮಾನನ್ನೆಲ್ಲ ಒಂದೊಂದಾಗಿ ಮುಟ್ಟಿ ನೋಡಿದೆ. ಅವನ ಕತ್ತರಿ, ಅವನ ದಬ್ಬಣ, ಅವನ ತಾಟು, ಅವನ ಚಪ್ಪಲಿ, ನಾನು ಅವನಿಗೆ ಗಂಜಿ ಕುಡಿಸುತ್ತಿದ್ದ ಸಣ್ಣ ಬಟ್ಟಲು. ಯಾವುದೂ ಭಾರವಿರಲಿಲ್ಲ. ಮೂರನೇ ದಿನ ನಾನು ಒಲೆಯ ಮುಂದೆ ಹಿಟ್ಟು ನಾದುತ್ತಿದ್ದಾಗ ಕಾಶವ್ವ ಅವರ ಕೋಣೆ ಗುಡಿಸುತ್ತಿದ್ದಳು.

"ಅಕ್ಕಾರ, ಈ ಲೋಡಿನ್ಯಾಗ ಏನ ತುಂಬ್ಯಾರ್ರಿ? ಎತ್ತಾಕ ಬರವಲ್ದು."

ಅದು ಅವನು ತನಗೆಂದೇ ಹೊಲಿದುಕೊಂಡಿದ್ದ ಲೋಡು, ಮೊಳಕ್ಕಿಂತ ಒಂದಿಷ್ಟು ಉದ್ದ, ನೀಲಿ ಪಟ್ಟಿಯ ಬಟ್ಟೆ. ಊಟವಾದ ಮೇಲೆ ಅದಕ್ಕೆ ಒರಗಿ ಕೂರುತ್ತಿದ್ದ. ಅದು ಗಂಡಹೆಂಡಿರ ಕೋಣೆ ಎಂದು ನಾನು ಒಳಗೆ ಹೋಗಿ ಮುಟ್ಟಿ ನೋಡಿರಲಿಲ್ಲ. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಓಡಿದೆ. ಅಷ್ಟರಲ್ಲಿ ಅವಳು ಅದನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಮೂರು ವರ್ಷದವನಿದ್ದಾಗಿನಿಂದ ನಾನು ಹೊತ್ತ ಕೂಸು, ಎರಡು ವರ್ಷದ ಹಿಂದೆ ಬಂದವಳ ಕೈಗೆ ಹೋಯಿತು ಎಂದು ಆ ಗಳಿಗೆಯಲ್ಲಿ ನನ್ನ ಹೊಟ್ಟೆ ಉರಿಯಿತು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಉರಿಯಿತು.

ಓಣಿಯಾಚೆಯ ಈರವ್ವನೂ ನೋಟದವಳೇ. ಅವಳನ್ನು ಕರೆಸಿ ಎಂದು ನಾಲ್ಕು ಜನ ಹೇಳಿದರು. ಗಿರಿಮಲ್ಲಜ್ಜನ ಮಾತು ನನಗೂ ನೆನಪಿತ್ತು. ಈರವ್ವ ನನ್ನಷ್ಟು ನೋಡುತ್ತಾಳೇನು, ನನ್ನ ತಮ್ಮನನ್ನು ಅರೆಬರೆ ನೋಟದವಳ ಕೈಗೆ ಕೊಡಲೇ ಎಂದು ಎಲ್ಲರ ಬಾಯಿ ಮುಚ್ಚಿಸಿದೆ. ನೋಟದವಳು ಮನೆಯಲ್ಲೇ ಇರುವಾಗ ಹೊರಗಿನವರು ಹೆಚ್ಚು ಮಾತಾಡುವ ಹಾಗೂ ಇರಲಿಲ್ಲ.

ಕಾಶವ್ವ ಕಲಿಯುವುದರಲ್ಲಿ ಬಲು ಚುರುಕು. ಲೋಡಿನ ಎರಡೂ ತುದಿಗೆ ಅಂಗೈ ಕೊಟ್ಟು, ಹೆಗಲಿಗೆ ತಂದು, ಉಸಿರು ಬಿಡುತ್ತಾ ಮೇಲಕ್ಕೆ. ಮೊದಲ ವಾರ ಹದಿನಾಲ್ಕು ಕಿಲೋಗೆ ಅವಳ ಕೈ ನಡುಗಿತು. ಮೂರನೇ ವಾರಕ್ಕೆ ಹನ್ನೆರಡರಲ್ಲಿ ಹತ್ತು ಸರಿ. ಸಂಕ್ರಾಂತಿಯ ಹೊತ್ತಿಗೆ ನಾನು ಇಲ್ಲ ಎನ್ನುವ ಕೆಲಸವೇ ಉಳಿಯಲಿಲ್ಲ. ನನ್ನ ಮೂವತ್ತೊಂದು ವರ್ಷದಲ್ಲಿ ಅಷ್ಟು ಚೆಂದ ಎತ್ತಿದವರನ್ನು ನಾನು ಕಂಡಿಲ್ಲ. ಎತ್ತಿ ಮುಗಿಸಿ ಲೋಡನ್ನು ಚಾಪೆಯ ಮೇಲೆ ಇಳಿಸಿದ ಮೇಲೆ ಅದರ ತಲೆಯ ಕಡೆ ಒಂದು ಸಲ ಸವರುತ್ತಿದ್ದಳು. ಆಮೇಲೆ ನಾವಿಬ್ಬರೂ ಒಲೆಯ ಮುಂದೆ ಕೂತು ಚಹಾ ಕುಡಿಯುತ್ತಿದ್ದೆವು. ಅವನ ಮಾತು ತೆಗೆದು ನಗುತ್ತಿದ್ದೆವು, ಅಳುತ್ತಿದ್ದೆವು. ಅವಳು ನನಗೆ ಒಳ್ಳೆಯವಳಾಗಿದ್ದಳು.

"ಯಾವಾಗ ಮುಗೀತೈತ್ರಿ ಅಕ್ಕಾರ?" ಎಂದು ಒಂದು ದಿನ ಕೇಳಿದಳು.

"ಹಿಂಗ ಎತ್ತಿದರ ಪಂಚಮಿಗೆ."

"ಹಂಗಾರ ಪಂಚಮಿಗೆ ತವರಿಗೆ ಹೋಗತೇನ್ರಿ. ಅವ್ವನ್ನ ನೋಡಿ ಎರಡ ವರ್ಷಾತು." ಅಂದೇ ತಾಯಿಗೆ ಕಾಗದ ಬರೆದಳು. ನಾಗರಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಬೇಕು, ಜೋಕಾಲಿ ಆಡಬೇಕು, ಅವ್ವನ ಕೈಯ ಉಂಡಿ ತಿನ್ನಬೇಕು. ತವರಿಲ್ಲದ ನನಗೂ ಅದು ಗೊತ್ತಿತ್ತು. ನನ್ನ ಪಂಚಮಿ ಎಂದರೆ ಅಡಿವೆಪ್ಪ ತರುತ್ತಿದ್ದ ಒಂದು ಸೀರೆ, ಮತ್ತು ಉಂಡಿಯಲ್ಲಿ ಬೆಲ್ಲ ಕಮ್ಮಿ ಎಂದು ಅವನು ತೆಗೆಯುತ್ತಿದ್ದ ಜಗಳ.

ಯುಗಾದಿಯ ಮರುದಿನ ಕಾಶವ್ವ ಹಿಟ್ಟು ಬೀಸಿಸಿಕೊಂಡು ಬರಲು ಹೋಗಿದ್ದಳು. ಮನೆಯಲ್ಲಿ ನಾನೊಬ್ಬಳೇ. ಕೋಣೆಗೆ ಹೋಗಿ ಲೋಡನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡೆ. ಅದಕ್ಕೂ ಮೊದಲು ಒಂದೆರಡು ಸಲ ಹಾಗೆ ಮಾಡಿದ್ದೆ. ಮೊದಲು ಇಟ್ಟುಕೊಂಡಾಗ ತೊಡೆ ಜೋಮು ಹಿಡಿಯುತ್ತಿತ್ತು, ಮೂರು ವರ್ಷದ ಕೂಸು ನಿದ್ದೆಹೋದಾಗ ಹಿಡಿಯುತ್ತಿತ್ತಲ್ಲ ಹಾಗೆ. ಆ ದಿನ ಹಿಡಿಯಲಿಲ್ಲ. ಅರ್ಧ ಹೋಗಿಬಿಟ್ಟಿದ್ದ. ಏಳು ಕಿಲೋ ಎಂದರೆ ಇನ್ನೂ ಕೂರಲು ಬಾರದ ಕೂಸು. ಇನ್ನೆರಡು ತಿಂಗಳಿಗೆ ಹಸುಗೂಸು, ಆಮೇಲೆ ಏನೂ ಇಲ್ಲ. ನಾನೇ ಮಗ್ಗುಲಲ್ಲಿ ನಿಂತು ದಿನಾ ಹನ್ನೆರಡು ಸಲ ಸರಿ ಸರಿ ಎಂದು ಹೇಳಿ ಅವನನ್ನು ಕಳಿಸುತ್ತಿದ್ದೇನೆ ಎಂದು ಆಗ ಅನ್ನಿಸಿತು.

ಮರುದಿನ ಬೆಳಿಗ್ಗೆ ಕಾಶವ್ವ ಲೋಡನ್ನು ಹೆಗಲಿಗೆ ತಂದಳು. ಮೊಣಕೈ ಎಲ್ಲಿರಬೇಕೋ ಅಲ್ಲೇ ಇತ್ತು.

"ಇಲ್ಲ" ಎಂದೆ.

ಅವಳು ಗಾಬರಿಯಾಗಿ ನೋಡಿದಳು. "ಏನ ತಪ್ಪಾತ್ರಿ?"

"ಅರ್ಧಾ ಇಳಿದ ಮ್ಯಾಲ ರೀತಿ ಬ್ಯಾರೆ. ಇನ್ನ ಮೊಣಕೈ ಪಕ್ಕಕ್ಕ ಅಗಲಿಸಬೇಕು. ಇನ್ನೂ. ಪೂರಾ."

ಅಗಲಿಸಿದಳು. ಹನ್ನೆರಡು ಸಲ ತಪ್ಪು ಎತ್ತಿದಳು. ಹನ್ನೆರಡು ಸಲ ನಾನು ಸರಿ ಎಂದೆ. ಅವಳಿಗೆ ಯಾಕೆ ಅನುಮಾನ ಬರಬೇಕು. ಹೊರಗಿನಿಂದ ಬಂದವಳು, ಕಲಿತದ್ದೆಲ್ಲ ನನ್ನಿಂದ. ಬೇರೆ ಯಾರೂ ಅವಳು ಎತ್ತುವುದನ್ನು ನೋಡುವಂತಿರಲಿಲ್ಲ. ಎಂಟು ದಿನ ಮಾತ್ರ, ಆಮೇಲೆ ಹೇಗಾದರೂ ತಿದ್ದಿಬಿಡುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಎಂಟು ದಿನ ಹೋಗಿ ಹದಿನೈದಾಯಿತು. ಮಧ್ಯಾಹ್ನ ಲೋಡನ್ನು ತೊಡೆಯ ಮೇಲೆ ಇಟ್ಟುಕೊಂಡರೆ ಅಡಿವೆಪ್ಪ ನಿನ್ನೆಯಷ್ಟೇ ಇದ್ದ, ಮೊನ್ನೆಯಷ್ಟೇ ಇದ್ದ. ಆ ಸಂತೋಷ ಎಂಥದ್ದೆಂದು ಹೇಳಲು ನನಗೆ ಬರುವುದಿಲ್ಲ. ಕದ್ದ ಬೆಲ್ಲದಂಥದ್ದು.

ಒಂದೂವರೆ ತಿಂಗಳಾದ ಮೇಲೆ ಕಾಶವ್ವನ ಬಲಭುಜ ನೋಯತೊಡಗಿತು. "ಒಳಗ ಚುಚ್ಚಿದಂಗ ಆಗತೈತ್ರಿ ಅಕ್ಕಾರ. ಭಾರಾನೂ ಕಮ್ಮಿ ಆಗವಲ್ದು ಅನಸ್ತೈತಿ."

"ಅರ್ಧ ಆದ ಮ್ಯಾಲ ನಿಧಾನ ಇಳೀತೈತಿ. ನೋವೂ ಇರೂದ." ನನ್ನ ಬಾಯಿಂದ ಅದು ಸಲೀಸಾಗಿ ಬಂತು. ಮೂವತ್ತೊಂದು ವರ್ಷದ ನಂಬಿಕೆಯ ಬೆನ್ನಿಗೆ ಒಂದು ಸುಳ್ಳು ಕೂತರೆ ಯಾರೂ ಅದನ್ನು ಇಳಿಸಿ ನೋಡುವುದಿಲ್ಲ. ನಾನೇ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಅವಳ ಭುಜಕ್ಕೆ ಶಾಖ ಕೊಟ್ಟೆ. "ನನಗ ಅವ್ವ ಇಲ್ಲದ ಕಡೆ ನೀವದೀರಿ" ಎಂದು ಅವಳು ನನ್ನ ಮೊಣಕಾಲಿಗೆ ತಲೆ ಆನಿಸಿದಳು. ಆಗಲಾದರೂ ನನ್ನ ನಾಲಗೆ ಹೊರಳಬೇಕಿತ್ತು.

ಕಾರಹುಣ್ಣಿಮೆಯ ವಾರ ಅವಳ ತಮ್ಮ ಸಿದ್ಲಿಂಗನ ಕಾಗದ ಬಂತು. ಅವ್ವನ ಕಾಲು ಬಾತಿವೆ, ಉಸಿರು ಸಾಲುತ್ತಿಲ್ಲ, ನಿನ್ನದೇ ಹೆಸರು ಹೇಳುತ್ತಾಳೆ, ಪಂಚಮಿಗೆ ತಪ್ಪಿಸಬೇಡ. ಕಾಶವ್ವ ಅದನ್ನು ಎರಡು ಸಲ ಓದಿ ನನ್ನ ಮುಂದೆ ಹಿಡಿದಳು.

"ಪಂಚಮಿಗೆ ಮುಗೀತೈತೇನ್ರಿ? ಖರೇ ಹೇಳ್ರಿ."

"ನೋಡೂಣು" ಎಂದೆ.

ಅಂದು ಹಗಲೆಲ್ಲ ಒದ್ದಾಡಿದೆ. ಮರುದಿನ ತಿದ್ದಿಬಿಡಬೇಕೆಂದೇ ಎದ್ದೆ. ಹಿತ್ತಿಲಿಗೆ ಹೋಗುವಾಗ ತಲೆಯಲ್ಲಿ ಲೆಕ್ಕ ಓಡಿತು. ಏಳು ಕಿಲೋ ಇಳಿಯಲು ಇನ್ನು ನಾಲ್ಕೂವರೆ ತಿಂಗಳು ಬೇಕು, ಪಂಚಮಿಗೆ ಎರಡು ತಿಂಗಳೂ ಇಲ್ಲ. ಈಗ ತಿದ್ದಿದರೂ ಅವಳು ಪಂಚಮಿಗೆ ಹೋಗುವಂತಿಲ್ಲ. ಅಂದ ಮೇಲೆ ಪಂಚಮಿಯ ತನಕ ಅವನು ಇರಲಿ, ಒಂದು ಪಂಚಮಿ ನನ್ನ ತಮ್ಮನ ಜೊತೆ ಕಳೆದು ಆಮೇಲೆ ಕಳಿಸುತ್ತೇನೆ. ಪಾಪಕ್ಕೆ ಲೆಕ್ಕ ಎಷ್ಟು ಬೇಗ ಹೊಂದುತ್ತದೆ ನೋಡಿ. ಅವಳು ಮೊಣಕೈ ಅಗಲಿಸಿ ನಿಂತಿದ್ದಳು, ನಾನು ಸರಿ ಎಂದೆ.

ಪಂಚಮಿ ಬಂತು. ಓಣಿಯ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಹೆಣ್ಣುಮಕ್ಕಳು ಕಾಶವ್ವನನ್ನೂ ಕರೆದರು. ಹೋದಳು, ಹಗ್ಗ ಹಿಡಿಯಲು ಬಲಗೈ ಎತ್ತಿದಳು, ಅದು ಭುಜದ ಮಟ್ಟಕ್ಕೆ ಬಂದು ನಿಂತಿತು. ಅಲ್ಲಿಂದ ಮೇಲೆ ಹೋಗಲಿಲ್ಲ. ಮುಂಜಾನೆ ಲೋಡಿನ ಜೊತೆ ಎಡಗೈಯೇ ಬಲಗೈಯನ್ನೂ ಹೇಗೋ ಮೇಲಕ್ಕೆ ಎಳೆದೊಯ್ಯುತ್ತಿತ್ತು, ಒಂಟಿಯಾಗಿ ಅದು ಏಳಲಿಲ್ಲ. ನಕ್ಕು ಹಿಂದೆ ಸರಿದು, ಉಳಿದವರು ಆಡುವುದನ್ನು ನೋಡುತ್ತಾ ನಿಂತಳು. ನಾನು ಕೋಣೆಯಲ್ಲಿ ಲೋಡಿನ ಮುಂದೆ ಒಂದು ಉಂಡಿ ಇಟ್ಟು ಕೂತಿದ್ದೆ. ಕಿಟಕಿಯಿಂದ ಅವಳ ಬೆನ್ನು ಕಾಣುತ್ತಿತ್ತು.

ಹನ್ನೆರಡು ದಿನದ ಮೇಲೆ ಟಪಾಲಿನವನು ಬಂದ. ಪಂಚಮಿ ಕಳೆದ ನಾಲ್ಕನೇ ದಿನ ತಾಯಿ ತೀರಿದ್ದಳು. ಮಗಳ ಪಾಲಿನ ಉಂಡಿಯ ಡಬ್ಬಿಯನ್ನು ಹಾಸಿಗೆಯ ಬದಿಗೇ ಇಟ್ಟುಕೊಂಡಿದ್ದಳಂತೆ, ಮೊಮ್ಮಕ್ಕಳು ಕೇಳಿದರೂ ಕೊಟ್ಟಿಲ್ಲವಂತೆ. ಮಣ್ಣು ಮಾಡಿ ಆಗಿದೆ, ಇನ್ನು ನಿನಗೆ ಅನುಕೂಲವಾದಾಗ ಬಾ ಎಂದು ಸಿದ್ಲಿಂಗ ಬರೆದಿದ್ದ. ಕಾಶವ್ವ ಅಳಲಿಲ್ಲ. ಕಾಗದವನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿ, ಒಲೆಯ ಮುಂದೆ ಸಂಜೆಯ ತನಕ ಕೂತಳು. ನಾನು ಮಾಡಿದ ಅಡುಗೆ ಹಾಗೇ ಉಳಿಯಿತು.

ಮರುದಿನ ಬೆಳಿಗ್ಗೆ ಅವಳು ಎಂದಿನಂತೆ ಮೊಣಕೈ ಅಗಲಿಸಿ ನಿಂತಳು.

"ಮೊಣಕೈ ಮುಂದ ತಾ" ಎಂದೆ.

ತಂದಳು. ನೋವಿಗೆ ತುಟಿ ಕಚ್ಚಿಕೊಂಡು ಎತ್ತಿದಳು. ಸರಿಯಾದ ಎತ್ತು ಕೈಗೆ ತಿಳಿಯುತ್ತದೆ, ಅದನ್ನು ಮೊದಲಿನ ತಿಂಗಳುಗಳಲ್ಲಿ ಅವಳು ಸಾವಿರ ಸಲ ಉಂಡವಳು. ಹನ್ನೆರಡು ಮುಗಿಸಿ ಲೋಡನ್ನು ಚಾಪೆಗೆ ಇಳಿಸಿ ಅದನ್ನೇ ನೋಡುತ್ತಾ ನಿಂತಳು.

"ಇದು ಮೊದಲಿನ ರೀತಿರಿ."

"ಹೂಂ."

"ಅರ್ಧಾ ಆದ ಮ್ಯಾಲ ಬ್ಯಾರೆ ಅಂದಿದ್ರಿ."

ಆಗಲೂ ಒಂದು ಸುಳ್ಳು ನಾಲಗೆಯ ತುದಿಗೆ ಬಂದಿತ್ತು, ಮುಕ್ಕಾಲಾದ ಮೇಲೆ ಮತ್ತೆ ಬೇರೆ ಎಂದು. ಅದನ್ನು ನುಂಗಿದೆ. ನನ್ನ ಬದುಕಿನಲ್ಲಿ ನಾನು ನುಂಗಿದ ಒಂದೇ ಒಳ್ಳೆಯ ತುತ್ತು ಅದು.

"ಸುಳ್ಳ ಹೇಳಿದ್ದೆ ಕಾಶವ್ವ."

"ಯಾಕ್ರಿ?"

"ಅವ ಹೋಗತಿದ್ದ. ದಿನಾ ಹಗುರ ಆಗತಿದ್ದ. ನನಗ ತಡಕೊಳ್ಳಾಕ ಆಗಲಿಲ್ಲ."

ಅವಳು ಬೈದಿದ್ದರೆ, ಕೂಗಾಡಿ ಓಣಿ ಸೇರಿಸಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ತನ್ನ ಬಲಗೈಯೊಂದನ್ನೇ ಎತ್ತಲು ನೋಡಿದಳು. ಅದು ಹೆಗಲಿಗೆ ಬಂದು ನಿಂತಿತು. ಕೆಳಗೆ ಬಿಟ್ಟು ಒಳಗೆ ಹೋದಳು. ನಾನು ಹಿಂದೆಯೇ ಹೋಗಿ, "ಈರವ್ವನ್ನ ಕರೀತೇನಿ, ನಾಳಿಂದ ಆಕಿ ನಿಂದರಲಿ" ಎಂದೆ.

"ಬ್ಯಾಡ. ನೀವ ನಿಂದರ್ರಿ" ಎಂದಳು. "ಕಡೀತನಕ ನೀವ ನೋಡಬೇಕು."

ಆಮೇಲಿನ ಐದು ತಿಂಗಳು ನಾನು ನೋಡಿದೆ. ಕೆಟ್ಟ ಭುಜದಲ್ಲಿ ಹನ್ನೆರಡು ಸರಿ ಎತ್ತಲು ಅವಳು ಇಪ್ಪತ್ತು ಸಲ, ಇಪ್ಪತ್ತೈದು ಸಲ ಎತ್ತಬೇಕಾಗುತ್ತಿತ್ತು. ಬಲಗಡೆ ಜೋತು ಬಿದ್ದಾಗ ನಾನು ಇಲ್ಲ ಎನ್ನಬೇಕು. ಕರುಣೆಯಿಂದ ಸರಿ ಎಂದರೆ ಮತ್ತೆ ಅದೇ ಪಾಪ, ಅವಳು ಊರಿಗೆ ಹೋಗುವುದು ಮತ್ತೊಂದು ದಿನ ದೂರ. ಇಲ್ಲ ಎಂದಾಗ ಅವಳು ಬೆವರು ಒರೆಸಿಕೊಂಡು ಮತ್ತೆ ಎತ್ತುತ್ತಿದ್ದಳು. ಸರಿ ಎಂದಾಗ ನನ್ನ ತಮ್ಮ ಒಂದು ಚೂರು ಹೋಗುತ್ತಿದ್ದ. ಚಹಾವನ್ನು ಅವಳು ತನ್ನ ಕೋಣೆಗೆ ತೆಗೆದುಕೊಂಡು ಹೋಗುತ್ತಿದ್ದಳು. ಮಾತು ಬೇಕಾದಷ್ಟೇ. ಎಣ್ಣೆ ತೀರಿದೆ, ನೀರು ಬಂದಿದೆ, ಇಂಥವು. ನಾನು ಮಾತ್ರ ಮತ್ತೆ ಆ ಲೋಡನ್ನು ತೊಡೆಯ ಮೇಲೆ ಇಟ್ಟುಕೊಳ್ಳಲಿಲ್ಲ. ಅವಳು ಊರವರಿಗೆ ಏನೂ ಹೇಳಲಿಲ್ಲ. ಒಂಬತ್ತು ತಿಂಗಳ ಕೆಲಸ ಯಾಕೆ ಇಷ್ಟು ಉದ್ದವಾಯಿತು ಎಂದು ಯಾರಾದರೂ ಕೇಳಿದರೆ, ನನ್ನ ತೋಳಿನಲ್ಲಿ ಬಲ ಸಾಲಲಿಲ್ಲ ಎನ್ನುತ್ತಿದ್ದಳು. ಅದನ್ನು ಕೇಳಿಸಿಕೊಂಡು ನಾನು ಮುಂದೆ ನಿಂತಿರುತ್ತಿದ್ದೆ.

ಎಳ್ಳಮವಾಸ್ಯೆ ಕಳೆದ ಎರಡನೇ ದಿನ ಮುಗಿಯಿತು. ಅಂದು ಹನ್ನೊಂದು ಎತ್ತು ಸರಿಯಾಗಿ ಆಗಿತ್ತು. ಹನ್ನೆರಡನೆಯದನ್ನು ಅವಳು ನಿಧಾನವಾಗಿ ಎತ್ತಿದಳು. ಪಾದ, ಮಂಡಿ, ಸೊಂಟ, ಮಣಿಕಟ್ಟು, ಮೊಣಕೈ. ಎಲ್ಲಿಯೂ ಕೂದಲಿನಷ್ಟು ತಪ್ಪಿರಲಿಲ್ಲ. ಮೇಲೆ ಹಿಡಿದು ನಿಂತಳು, ನನ್ನ ಮಾತು ಬರುವ ತನಕ ಇಳಿಸುವಂತಿಲ್ಲ. ಅವಳ ಬಲತೋಳು ನಡುಗುತ್ತಿತ್ತು. ನಾನು ಲೋಡನ್ನೇ ನೋಡುತ್ತಾ ನಿಂತೆ. ಅವಳು ನನ್ನ ಕಡೆ ನೋಡಲೂ ಇಲ್ಲ, ಹಿಡಿದೇ ನಿಂತಳು.

"ಸರಿ" ಎಂದೆ.

ಅವಳು ಇಳಿಸಿ ಚಾಪೆಯ ಮೇಲೆ ಇಟ್ಟಾಗ ಸದ್ದೇ ಆಗಲಿಲ್ಲ.

ಅಂದೇ ಹನ್ನೊಂದರ ಬಸ್ಸಿಗೆ ಹೊರಟಳು. ಚೀಲ ಮೊದಲೇ ಕಟ್ಟಿಟ್ಟಿದ್ದಳು. ಮಿಂದು ಬಂದು ಬಾಚಣಿಗೆ ಹಿಡಿದು ನಿಂತಳು. ಒಂದು ಕೈಯಲ್ಲಿ ತುರುಬು ಕಟ್ಟಲು ಆಗುವುದಿಲ್ಲವಲ್ಲ. ಆ ತಿಂಗಳುಗಳಲ್ಲಿ ಅವಳು ಕೂದಲನ್ನು ಬರೀ ಗಂಟು ಹಾಕಿ ಬಿಡುತ್ತಿದ್ದಳು, ತವರಿಗೆ ಹಾಗೆ ಹೋಗುವುದು ಹೇಗೆ. "ತಾ, ನಾ ಕಟ್ಟತೇನಿ" ಎಂದು ಕೈ ಚಾಚಿದೆ. ಅವಳು ನನ್ನ ಕೈಯನ್ನು ನೋಡಿ, ಬಾಚಣಿಗೆ ಹಿಡಿದುಕೊಂಡೇ ಪಕ್ಕದ ಬಂಗಾರೆವ್ವನ ಮನೆಗೆ ಹೋದಳು. ಅಲ್ಲಿ ತುರುಬು ಕಟ್ಟಿಸಿಕೊಂಡು ಬಂದು ಚೀಲವನ್ನು ಎಡಹೆಗಲಿಗೆ ಹಾಕಿದಳು.

ಹೊಸ್ತಿಲಲ್ಲಿ ನಾನು ಅವಳ ಕಾಲಿಗೆ ಬಾಗಲು ಹೋದೆ. ಹಿರಿಯಳು ನಾನು, ಆದರೂ ಹೋದೆ. ಅವಳು ಎಡಗೈಯಿಂದ ತಡೆದಳು.

"ತಪ್ಪಾತವ್ವ. ಹೊಟ್ಟ್ಯಾಗ ಹಾಕ್ಕೋ" ಎಂದೆ.

ಅವಳು ಚೀಲವನ್ನು ಹೆಗಲ ಮೇಲೆ ಸರಿಮಾಡಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು. "ನಿಮ್ಮ ತಮ್ಮ ಹೋದ ಮ್ಯಾಲೂ ನಿಮಗ ಹದಿನಾಲ್ಕ ತಿಂಗಳು ಸಿಕ್ತ್ರಿ. ಮುಟ್ಟಿದ್ರಿ, ತೊಡೀ ಮ್ಯಾಲ ಇಟಗೊಂಡ್ರಿ. ನಾ ಈಗ ಊರಿಗೆ ಹೋಗಿ ಏನ ಮುಟ್ಟಲಿ ಅಕ್ಕಾರ? ನಮ್ಮೂರಾಗ ಸತ್ತವರು ಏನೂ ಬಿಟ್ಟ ಹೋಗಂಗಿಲ್ಲ."

ಕಾಗದ ಬರೆಯುತ್ತೇನೆ ಎನ್ನಲಿಲ್ಲ, ಬರುತ್ತೇನೆ ಎನ್ನಲಿಲ್ಲ. ಬೀದಿಯ ತಿರುವಿನ ತನಕ ಅವಳ ಹಸಿರು ಸೀರೆ ಕಂಡಿತು.

ಬಸ್ಸು ಹೋದ ಸದ್ದು ಕೇಳಿದ ಮೇಲೆ ನಾನು ಒಳಗೆ ಬಂದೆ. ಲೋಡು ಚಾಪೆಯ ಮೇಲೆ ಇತ್ತು. ಎತ್ತಿ ತೊಡೆಯ ಮೇಲೆ ಇಟ್ಟುಕೊಂಡೆ, ಬರೀ ಹತ್ತಿ. ಅಡಿವೆಪ್ಪನ ತಲೆಯ ವಾಸನೆಯಾದರೂ ಬಟ್ಟೆಯಲ್ಲಿ ಉಳಿದಿರಬಹುದೆಂದು ಮುಖ ಒತ್ತಿ ಹಿಡಿದೆ. ಕಾಶವ್ವನ ಬೆವರಿನ ವಾಸನೆ ಬಂತು. ತಿರುಗಿಸಿ ಇನ್ನೊಂದು ತುದಿಗೆ ಮುಖ ಇಟ್ಟೆ, ಅಲ್ಲಿಯೂ ಅದೇ.